12.44 ವೋಲ್ಟ್: ಹೊಸನಗರದ ಒಂದು ಕಾರಿನ ಬ್ಯಾಟರಿ ಪ್ರಕರಣ

ಕಾರು ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬ್ಯಾಟರಿ 12 ವೋಲ್ಟ್, 35 ಆಂಪಿಯರ್ ಅವರ್ (ಎಷ್ಟು ವಿದ್ಯುತ್ತು ತುಂಬಿಕೊಳ್ಳಬಲ್ಲದು ಎಂಬುದರ ಅಳತೆ), ನೆತ್ತಿಯ ಮೇಲೆ ಆರು ಮುಚ್ಚಳಗಳಿರುವ ಮಾಮೂಲಿ ಲೆಡ್ ಆ್ಯಸಿಡ್ ಮಾದರಿ. ಕಾರಿಗೆ ಇದು ಎರಡನೆಯ ಬ್ಯಾಟರಿ; ವಯಸ್ಸು 3 ವರ್ಷ 8 ತಿಂಗಳು. ಯಜಮಾನರು ನನ್ನ ಚಿಕ್ಕಪ್ಪ, ಹೊಸನಗರದ ಹತ್ತಿರದ ಅಡಿಕೆ ಬೆಳೆಗಾರರು, ವಯಸ್ಸು 71. ಓಡಾಟ ವಾರಕ್ಕೆ ಎರಡು ಸಲ ಪೇಟೆಗೆ, ಹೋಗಿ ಬರಲು ಎಂಟು ಕಿಲೋಮೀಟರ್. ದೂರು: ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ.

ಇದನ್ನು ಬರೆದಿಡುವುದಕ್ಕೆ ಒಂದು ಕಾರಣವಿದೆ. ಈ ಪ್ರಕರಣದಲ್ಲಿ ತಪ್ಪು ತೀರ್ಪು ಕೊಟ್ಟವನು ನಾನು. ಶಿವಮೊಗ್ಗದಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಿಕಲ್ ಪ್ರಯೋಗಾಲಯದ ಪಾಠ ಹೇಳುವವನು, ಚೀಲದಲ್ಲಿ ಸದಾ ಮಲ್ಟಿಮೀಟರ್ ಇಟ್ಟುಕೊಂಡು ತಿರುಗುವವನು. ಆದರೂ ಎಡವಿದೆ.

ಕಾರ್ತಿಕ ಮುಗಿಯುವ ಹೊತ್ತು, ಅಡಿಕೆ ಕೊಯ್ಲಿನ ಗಡಿಬಿಡಿ. ಬೆಳಿಗ್ಗೆ ಆರೂವರೆಗೆ ಚಿಕ್ಕಪ್ಪನ ಫೋನ್ ಬಂತು. "ಮಾಣಿ, ಕೀಲಿ ತಿರುಗಿಸಿದರೆ ಟಕಟಕಟಕ ಎನ್ನುತ್ತದೆ. ಅಷ್ಟೇ, ಮುಂದೆ ಏನೂ ಇಲ್ಲ."

ಅರ್ಧ ರೋಗ ಈ ಶಬ್ದದಲ್ಲೇ ತಿಳಿಯುತ್ತದೆ. ಒಂದೇ ಸಮನೆ ಟಕಟಕ ಎಂದರೆ ಸೆಲ್ಫ್ ಮೋಟಾರಿನ (ಎಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಮೋಟಾರು) ಸೊಲೆನಾಯ್ಡ್, ಅಂದರೆ ಅದಕ್ಕೆ ವಿದ್ಯುತ್ತು ಹರಿಸುವ ಕಾಂತದ ಸ್ವಿಚ್ಚು, ಕಚ್ಚಿಕೊಳ್ಳುತ್ತಿದೆ, ಕಚ್ಚಿಕೊಂಡ ಕ್ಷಣಕ್ಕೆ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಕೇಳುತ್ತದೆ, ಬ್ಯಾಟರಿ ಕೊಡಲಾರದೆ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಕೈಬಿಡುತ್ತದೆ. ಹೊರೆ ಹೋದದ್ದರಿಂದ ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಕಚ್ಚುತ್ತದೆ. ಹಾಗಲ್ಲದೆ ಒಂದೇ ಒಂದು ಟಕ್ ಎಂದು ಸುಮ್ಮನಾದರೆ ಸಂಶಯ ಸೆಲ್ಫ್ ಮೋಟಾರಿನ ಕಡೆಗೆ ತಿರುಗಬೇಕು. "ಹೆಡ್‌ಲೈಟ್ ಹಾಕಿ ಇನ್ನೊಂದು ಸಲ ಕೀಲಿ ತಿರುಗಿಸಿ" ಎಂದೆ. ಚಿಕ್ಕಪ್ಪ ನೋಡಿ ಬಂದು ಹೇಳಿದರು: "ದೀಪ ಕಣ್ಣು ಮುಚ್ಚಿ ತೆಗೆದ ಹಾಗೆ ಮಾಡುತ್ತದೆ." ಹಾಗಾದರೆ ವಿದ್ಯುತ್ತಿಗೇ ಬರ. ಬ್ಯಾಟರಿಯಲ್ಲಿ ಇಲ್ಲವೋ, ಇದ್ದದ್ದು ಹೊರಗೆ ಬರುತ್ತಿಲ್ಲವೋ ಎಂಬುದು ಬೇರೆ ಪ್ರಶ್ನೆ.

ಪಕ್ಕದ ಮನೆಯವರ ಜೀಪಿನಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಸಿ ಚಿಕ್ಕಪ್ಪ ಪೇಟೆಯ ಒಂದು ಅಂಗಡಿಗೆ ಹೋದರು. ಅಂಗಡಿಯವನು ಒಂದು ದಪ್ಪ ತಂತಿಯ ತುಂಡನ್ನು ಎರಡೂ ಟರ್ಮಿನಲ್‌ಗಳಿಗೆ ಸೋಕಿಸಿ, ಕಿಡಿ ನೋಡಿ, "ಸತ್ತಿದೆ ಸ್ವಾಮಿ, ನಾಲ್ಕೂವರೆ ಸಾವಿರ, ಹೊಸದು ಹಾಕಿಬಿಡಿ" ಎಂದನಂತೆ. ಅಡಿಕೆ ಮಂಡಿಯಲ್ಲಿ ನಲವತ್ತು ವರ್ಷ ಚೌಕಾಸಿ ಮಾಡಿದವರು ಮೊದಲು ಕೇಳಿದ ದರಕ್ಕೆ ತಲೆಯಾಡಿಸುತ್ತಾರೆಯೇ? ಕಾರು ತಿರುಗಿಸಿಕೊಂಡು ಮನೆಗೆ ಬಂದು ನನಗೆ ಬುಲಾವ್ ಕಳಿಸಿದರು. ಆ ಕಿಡಿ ಪರೀಕ್ಷೆಯ ಬಗ್ಗೆ ಒಂದು ಮಾತು: ಅದರಿಂದ ತಿಳಿಯುವುದು ಏನೂ ಇಲ್ಲ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಅದೇ ತಾನೇ ಓಡಿ ಬಂದ ಕಾರಿನ ಬ್ಯಾಟರಿಯ ಮೇಲೆ ಕಿಡಿ ಹಾರಿಸುವುದು ಮುಖದ ಮೇಲೆ ಆ್ಯಸಿಡ್ ಎರಚಿಸಿಕೊಳ್ಳಲು ಸುಲಭದ ದಾರಿ. ಜಂಪ್ ಕೇಬಲ್ ಹಾಕುವಾಗ ಕಪ್ಪು ತಂತಿಯ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಕಚ್ಚಿಸದೆ ದೂರದ ಎಂಜಿನ್ ಲೋಹಕ್ಕೆ ಕಚ್ಚಿಸಿ ಎಂದು ಹೇಳುವುದೂ ಇದೇ ಭಯಕ್ಕೆ.

ಭಾನುವಾರ ಹೋದೆ. ಬಾನೆಟ್ ಎತ್ತಿದರೆ ಪಾಸಿಟಿವ್ ಟರ್ಮಿನಲ್ ಮೇಲೆ ಬೂಷ್ಟು ಹಿಡಿದ ಹಾಗೆ ನೀಲಿ ಬೆರೆತ ಬಿಳಿ ಪುಡಿ, ಒಂದು ಹಿಡಿಯಷ್ಟು. ರಾತ್ರಿಯಿಡೀ ನಿಂತಿದ್ದ ಬ್ಯಾಟರಿ 12.02 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಆದ, ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6ರಿಂದ 12.7 ತೋರಿಸಬೇಕು, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಮಾತ್ರ ಉಳಿದಿದೆ ಎಂದು ಲೆಕ್ಕ. ಹನ್ನೆರಡು ವೋಲ್ಟ್ ಬ್ಯಾಟರಿಯಲ್ಲಿ ಹನ್ನೆರಡು ಇದೆಯಲ್ಲ ಎಂದು ಸಮಾಧಾನ ಪಡುವವರು ಇಲ್ಲೇ ಮೋಸ ಹೋಗುವುದು.

ಜೀಪಿನ ಕೇಬಲ್ಲಿನಿಂದಲೇ ಎಂಜಿನ್ ಶುರು ಮಾಡಿ ಮತ್ತೆ ಅಳೆದೆ. ಡೈನಮೋ (ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್‌ಗೆ ನಮ್ಮ ಮೆಕ್ಯಾನಿಕ್‌ಗಳು ಇಂದಿಗೂ ಹೇಳುವ ಹೆಸರು ಇದೇ) 14.2 ಕೊಡುತ್ತಿತ್ತು. ಕೇಬಲ್ಲಿನ ಕ್ಲ್ಯಾಂಪಿನ ಮೇಲೆ 14.2, ಆ ಕ್ಲ್ಯಾಂಪ್ ಅಪ್ಪಿಕೊಂಡಿದ್ದ ಸೀಸದ ಕಂಬದ ಮೇಲೆ 13.7. ನಡುವಿನ ಅರ್ಧ ವೋಲ್ಟನ್ನು ಬಿಳಿ ಪುಡಿ ನುಂಗುತ್ತಿತ್ತು. ನನಗೆ ಕಳ್ಳ ಸಿಕ್ಕಿಬಿದ್ದ ಸಂತೋಷ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಸುರಿದರೆ ಪುಡಿ ಬುಸುಗುಟ್ಟಿ ಕರಗಿತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಬಿಗಿದು, ವ್ಯಾಸಲೀನ್ ಸವರಿದೆ. ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ನಾಲ್ಕು ಆಂಪಿಯರ್ ಚಾರ್ಜರ್ ಹಾಕಿಟ್ಟೆ. ಚಾರ್ಜರ್ ತೆಗೆದು ಕಾಫಿ ಕುಡಿದು ಬಂದು ಅಳೆದರೆ 12.84! ಕೀಲಿ ತಿರುಗಿಸಿದರೆ ಎಂಜಿನ್ ಎದ್ದು ಕುಳಿತಿತು. "ಬ್ಯಾಟರಿಗೆ ಏನೂ ಆಗಿಲ್ಲ. ಟರ್ಮಿನಲ್ ಕೊಳಕಾಗಿ ಚಾರ್ಜ್ ಏರುತ್ತಿರಲಿಲ್ಲ, ಅಷ್ಟೇ" ಎಂದು ತೀರ್ಪು ಕೊಟ್ಟು, ನಾಲ್ಕೂವರೆ ಸಾವಿರ ಉಳಿಸಿದ ಹೆಮ್ಮೆಯಲ್ಲಿ ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ಶಿವಮೊಗ್ಗದ ಬಸ್ ಹತ್ತಿದೆ.

ಹೊರಡುವಾಗ ಚಿಕ್ಕಮ್ಮ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ್ದರು. "ಅದರ ದನಿ ಎರಡು ತಿಂಗಳಿಂದ ಬೇರೆಯೇ ಆಗಿದೆ. ಮೊದಲು ಅಡುಗೆಮನೆಗೆ ಕೇಳಿಸುವಷ್ಟರಲ್ಲಿ ಹೊರಟೇ ಬಿಡುತ್ತಿತ್ತು. ಈಗ ಮಂಡಿನೋವಿನವರು ಏಳುವ ಹಾಗೆ ಏಳುತ್ತದೆ." ನಾನು ನಕ್ಕುಬಿಟ್ಟೆ. ಇಡೀ ಪ್ರಕರಣದಲ್ಲಿ ಮೊದಲ ಸಾಕ್ಷಿ ಅದು. ಎಂಜಿನ್ ನಿಧಾನವಾಗಿ ಉರುಳುವುದು, ಕೀಲಿ ತಿರುಗಿಸಿದ ಕ್ಷಣ ಡ್ಯಾಶ್‌ಬೋರ್ಡಿನ ಗಡಿಯಾರ ಅಳಿಸಿಹೋಗಿ ಮತ್ತೆ ಮೊದಲಿನಿಂದ ಎಣಿಸುವುದು (ಇದೂ ಆಗುತ್ತಿತ್ತು ಎಂದು ಚಿಕ್ಕಪ್ಪ ಆಮೇಲೆ ಒಪ್ಪಿಕೊಂಡರು) ಮೀಟರಿಗೆ ಕಾಣುವ ಮೊದಲೇ ಕಿವಿಗೂ ಕಣ್ಣಿಗೂ ಸಿಗುವ ಗುರುತುಗಳು. ದಿನಾ ಓಡಿಸುವವರಿಗೆ ಅವು ಒಂದೊಂದೇ ಕೂದಲಿನಷ್ಟು ಬದಲಾಗುವುದರಿಂದ ಗೊತ್ತಾಗುವುದಿಲ್ಲ. ಮನೆಯೊಳಗೆ ಕುಳಿತು ಕೇಳುವವರಿಗೆ ಗೊತ್ತಾಗುತ್ತದೆ.

ಹನ್ನೆರಡನೆಯ ದಿನ ಕಾರು ಮದುವೆ ಛತ್ರದ ಅಂಗಳದಲ್ಲಿ ಮಲಗಿತು. ಊಟ ಮುಗಿಸಿದ ನಾಲ್ಕು ಹುಡುಗರು ಹಿಂದಿನಿಂದ ತಳ್ಳಿ, ಚಿಕ್ಕಪ್ಪ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು, ಹೇಗೋ ಮನೆ ಸೇರಿದರು. ರೇಷ್ಮೆ ಸೀರೆಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಚಿಕ್ಕಮ್ಮನ ಮುಖ ಹೇಗಿತ್ತೆಂದು ನಾನು ಕೇಳಲಿಲ್ಲ.

ಈ ಸಲ ಹೋಗುವಾಗ ಆ್ಯಸಿಡ್ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಹೈಡ್ರೋಮೀಟರ್ ಕೊಂಡುಹೋದೆ. ಗಾಜಿನ ನಳಿಗೆ, ಒಳಗೆ ತೇಲುವ ಬುರುಡೆ, ಮೇಲೆ ರಬ್ಬರ್ ಚೆಂಡು. ಬೆಲೆ ಒಂದು ಹೋಟೆಲ್ ಊಟದಷ್ಟು. ಕಾರು ಹಿಂದಿನ ಸಂಜೆಯಿಂದ ನಿಂತೇ ಇತ್ತು. ಮೀಟರ್ ಹೇಳಿದ್ದು 12.44. ಮೊದಲು ಹೇಳಿದ ಲೆಕ್ಕದ ಪ್ರಕಾರ ಮುಕ್ಕಾಲಿಗಿಂತ ತುಸು ಹೆಚ್ಚೇ ಚಾರ್ಜ್ ಇರುವ ಬ್ಯಾಟರಿ. ಮುಕ್ಕಾಲು ತುಂಬಿದ ಬ್ಯಾಟರಿ ಸಣ್ಣ ಪೆಟ್ರೋಲ್ ಎಂಜಿನ್ನನ್ನು ಎಬ್ಬಿಸಲಾರದೆ? ಕೀಲಿ ತಿರುಗಿಸಿದರೆ ಮತ್ತೆ ಅದೇ ಟಕಟಕ. ಅಗ್ಗದ ಮೀಟರಿನ ಅಂಕಿಗಳು ಕಣ್ಣಿಗೆ ಸಿಗದ ಹಾಗೆ ಹಾರುವುದರಿಂದ ಮೊಬೈಲಿನಲ್ಲಿ ವಿಡಿಯೊ ತೆಗೆದು ನಿಧಾನವಾಗಿ ಓಡಿಸಿ ನೋಡಿದೆ: ಅತಿ ಕೆಳಗಿನ ಅಂಕಿ 8.1. ಆರೋಗ್ಯವಾಗಿರುವ ಬ್ಯಾಟರಿ ಆ ಹೊತ್ತಿನಲ್ಲಿ 10ರ ಆಚೀಚೆ ನಿಲ್ಲಬೇಕು, 9.6ಕ್ಕಿಂತ ಕೆಳಗೆ ಬಿದ್ದರೆ ಫೇಲ್.

ಕಾರಿನ ಬ್ಯಾಟರಿ ಎಂದರೆ ಒಂದಲ್ಲ, ಸಾಲಾಗಿ ಕೈಹಿಡಿದು ನಿಂತ ಆರು ಸಣ್ಣ ಬ್ಯಾಟರಿಗಳು. ಅಂಗಡಿಗಳಲ್ಲಿ ಇವನ್ನು ಸೆಲ್ ಎನ್ನುತ್ತಾರೆ. ಸೆಲ್ಫ್ ಬೇರೆ, ಸೆಲ್ ಬೇರೆ. ಫೋನಿನಲ್ಲಿ ಚಿಕ್ಕಪ್ಪನಿಗೆ ಇದನ್ನು ಬಿಡಿಸಿ ಹೇಳಲು ಹತ್ತು ನಿಮಿಷ ಹೋಗಿತ್ತು. ಒಂದೊಂದೂ ಸುಮಾರು 2.1 ವೋಲ್ಟ್. ಮೀಟರಿನ ಎರಡು ಮುಳ್ಳುಗಳು ತೋರಿಸುವುದು ಆರರ ಮೊತ್ತವನ್ನು ಮಾತ್ರ. ಒಳಗೆ ಯಾರು ಎಷ್ಟು ಕೊಟ್ಟರು ಎಂಬುದು ಮೊತ್ತದಲ್ಲಿ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಮುಚ್ಚಳ ತೆಗೆದು ಒಂದೊಂದು ಸೆಲ್ಲಿನ ಆ್ಯಸಿಡ್ ಎಷ್ಟು ಗಟ್ಟಿಯಿದೆ ಎಂದು ಅಳೆಯಬೇಕು. ಚಾರ್ಜ್ ಇದ್ದಷ್ಟೂ ದ್ರವ ಭಾರ. ಇಳಿದಂತೆ ಗಂಧಕಾಮ್ಲ ಸೀಸದ ತಟ್ಟೆಗಳಿಗೆ ಸೇರಿಕೊಂಡು ಉಳಿಯುವುದು ನೀರಿನ ಹತ್ತಿರದ ದ್ರವ. ಪೂರ್ತಿ ಚಾರ್ಜ್ ಆದಾಗ ಸಾಪೇಕ್ಷ ಸಾಂದ್ರತೆ (ಅಷ್ಟೇ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು) 1.265ರ ಸುತ್ತ, ಬರಿದಾದಾಗ 1.120ರ ಸುತ್ತ.

ಕನ್ನಡಕ, ಕೈಗವಸು ಹಾಕಿಕೊಂಡು ಒಂದೊಂದೇ ಮುಚ್ಚಳ ಬಿಚ್ಚಿದೆ. ರಬ್ಬರ್ ಚೆಂಡು ಹಿಂಡಿ ಬಿಟ್ಟರೆ ದ್ರವ ನಳಿಗೆಗೆ ಏರಿ ಬುರುಡೆ ತೇಲುತ್ತದೆ. ಕಣ್ಣನ್ನು ದ್ರವದ ಮಟ್ಟಕ್ಕೇ ತಂದು ಓದಬೇಕು. ಮೊದಲನೆಯದು 1.255. ಎರಡನೆಯದು 1.255. ಮೂರನೆಯದರಲ್ಲಿ ಬುರುಡೆ ತಳಕ್ಕೆ ಕೂತಂತೆ ಇಳಿಯಿತು: 1.100. ನಾನು ತಪ್ಪು ಓದಿದೆನೆಂದು ಮತ್ತೆ ತೆಗೆದೆ. ಅದೇ. ನಾಲ್ಕು 1.250, ಐದು 1.255, ಆರು 1.250. ಸೆಲ್ಲುಗಳ ನಡುವೆ 0.050ಕ್ಕಿಂತ ಹೆಚ್ಚು ಅಂತರವಿದ್ದರೆ ಆ ಬ್ಯಾಟರಿಯ ಮೇಲೆ ಭರವಸೆ ಇಡಬಾರದು ಎನ್ನುವುದು ಹಳೆಯ ಕೈಪಿಡಿಗಳ ನಿಯಮ. ಇಲ್ಲಿನ ಅಂತರ ಅದರ ಮೂರರಷ್ಟು.

ಸಾಂದ್ರತೆಗೆ 0.845 ಕೂಡಿದರೆ ಆ ಸೆಲ್ಲಿನ ವೋಲ್ಟೇಜ್ ಹೆಚ್ಚುಕಡಿಮೆ ಸಿಗುತ್ತದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಐದು ಒಳ್ಳೆಯ ಸೆಲ್ಲುಗಳಿಂದ 10.49, ಮೂರನೆಯದರಿಂದ 1.94. ಕೂಡಿದರೆ 12.43. ಮೀಟರ್ ತೋರಿಸಿದ್ದು 12.44. ಬರಿದಾದ ಸೆಲ್ ಕೂಡ ಸುಮ್ಮನೆ ನಿಂತಾಗ ಎರಡರ ಹತ್ತಿರ ವೋಲ್ಟ್ ತೋರಿಸುತ್ತದೆ. ಹಾಗಾಗಿ ಐವರ ದುಡಿಮೆಯ ನೆರಳಿನಲ್ಲಿ ಮೂರನೆಯವನ ದಿವಾಳಿತನ ಮುಚ್ಚಿಹೋಗಿತ್ತು. ಸೆಲ್ಫ್ ಮೋಟಾರು ನೂರೈವತ್ತು ಆಂಪಿಯರ್ ಕೇಳಿದಾಗ ಮಾತ್ರ ಅದು ಬಯಲಿಗೆ ಬರುತ್ತದೆ. ಅಷ್ಟೂ ವಿದ್ಯುತ್ತು ಆ ಒಂದು ಸೆಲ್ಲನ್ನು ಹಾಯ್ದೇ ಬರಬೇಕಲ್ಲ. ಆಗ ಅದು ಕೊಡುವುದಿರಲಿ, ಉಳಿದವರ ವೋಲ್ಟನ್ನೂ ತಿನ್ನುತ್ತದೆ.

ಇನ್ನೊಂದು ಗುರುತು ಕಣ್ಣಿಗೇ ಬಿತ್ತು. ಮೂರನೆಯದನ್ನು ಬಿಟ್ಟು ಉಳಿದ ಐದರಲ್ಲೂ ನೀರು ಗುರುತಿಗಿಂತ ಕೆಳಗಿತ್ತು. ಮೂರನೆಯದು ತುಂಬಿಕೊಂಡೇ ಇತ್ತು. ಡೈನಮೋ ಕೊಡುವ 14.2ರಲ್ಲಿ ತನ್ನ ಪಾಲನ್ನು ಮೂರನೆಯದು ತೆಗೆದುಕೊಳ್ಳದೆ ಉಳಿದ ಐದರ ಮೇಲೆ ಹೇರುತ್ತಿತ್ತು. ಅವು ಹೆಚ್ಚು ಚಾರ್ಜ್ ಆಗಿ ಕುದಿದು ನೀರು ಕಳೆದುಕೊಂಡಿದ್ದವು. ಪ್ರತಿ ಸರ್ವಿಸಿನಲ್ಲೂ ಡಿಸ್ಟಿಲ್ಡ್ ವಾಟರ್ ಹಾಕುವವರು ಯಾವ ಸೆಲ್ಲಿಗೆ ಎಷ್ಟು ಹಿಡಿಯಿತು ಎಂದು ನೋಡಿದ್ದರೆ ಆಗಲೇ ತಿಳಿಯುತ್ತಿತ್ತು.

ಆದರೂ ಒಮ್ಮೆ ತಪ್ಪು ತೀರ್ಪು ಕೊಟ್ಟವನಿಗೆ ಎರಡನೆಯ ಸಲ ಆತುರ ಬರಲಿಲ್ಲ. ಕಾರಿನಲ್ಲೇ ಎಲ್ಲೋ ಸೋರಿಕೆ ಇದ್ದರೆ? ನೆಗೆಟಿವ್ ತಂತಿ ಬಿಚ್ಚಿ ನಡುವೆ ಮೀಟರ್ ಇಟ್ಟು, ಬಾಗಿಲು ಮುಚ್ಚಿ, ಮುಕ್ಕಾಲು ಗಂಟೆ ಕಾದು ನೋಡಿದೆ: 0.03 ಆಂಪಿಯರ್. ಗಡಿಯಾರ, ಕಂಪ್ಯೂಟರಿನ ನೆನಪು, ಬೀಗದ ವ್ಯವಸ್ಥೆ ಇಷ್ಟಕ್ಕೆ ಅದು ನ್ಯಾಯವಾದ ಖರ್ಚು. ದಿನಕ್ಕೆ ಮುಕ್ಕಾಲು ಆಂಪಿಯರ್ ಅವರ್‌ಗೂ ಕಡಿಮೆ. ವಾರಕ್ಕೆ ಎರಡೇ ಸಲ ಓಡುವ ಕಾರಿಗೆ ಇದೂ ಭಾರವೇ. ಜನ ಸ್ಟಾರ್ಟ್ ಮಾಡುವುದರಿಂದಲೇ ಬ್ಯಾಟರಿ ಖಾಲಿಯಾಗುತ್ತದೆ ಎಂದುಕೊಳ್ಳುತ್ತಾರೆ. ಎರಡು ಸೆಕೆಂಡಿನ ಒಂದು ಸ್ಟಾರ್ಟಿಗೆ ಹೋಗುವುದು ಒಂದು ಆಂಪಿಯರ್ ಅವರ್‌ನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಅದಕ್ಕಿಂತ ಹೆಚ್ಚು ತಿನ್ನುವುದು ಸುಮ್ಮನೆ ನಿಂತ ದಿನಗಳು. ಅರ್ಧ ಚಾರ್ಜಿನಲ್ಲಿ ತಿಂಗಳುಗಟ್ಟಲೆ ನಿಂತರೆ ತಟ್ಟೆಗಳ ಮೇಲಿನ ಸೀಸದ ಸಲ್ಫೇಟ್ ಹರಳುಗಟ್ಟಿ ಮತ್ತೆ ಕರಗದ ಹಾಗಾಗುತ್ತದೆ.

ಹಾಗಾಗಿ ಕಾರನ್ನೇ ಪ್ರಕರಣದಿಂದ ಹೊರಗಿಟ್ಟೆವು. ನೆಗೆಟಿವ್ ಮೊದಲು, ಪಾಸಿಟಿವ್ ಆಮೇಲೆ ಬಿಚ್ಚಿ ಬ್ಯಾಟರಿಯನ್ನು ಜಗಲಿಗೆ ತಂದೆ. ತರುವಾಗ ಸಿಕ್ಕಿದ್ದು ಮತ್ತೊಂದು ಸುಳಿವು: ಬ್ಯಾಟರಿಯನ್ನು ಅದರ ಪೀಠಕ್ಕೆ ಬಿಗಿಯುವ ಪಟ್ಟಿಯ ಒಂದು ಬೋಲ್ಟೇ ಇರಲಿಲ್ಲ. ಯಾವುದೋ ಸರ್ವಿಸಿನಲ್ಲಿ ಬಿಚ್ಚಿದವರು ಹಾಕಿರಲಿಲ್ಲ. ತೋಟದ ಕಲ್ಲುಹಾದಿಯಲ್ಲಿ ಹತ್ತು ಕಿಲೋ ತೂಕದ ಪೆಟ್ಟಿಗೆ ವರ್ಷಗಟ್ಟಲೆ ಕುಣಿದರೆ ತಟ್ಟೆಗಳ ಮೇಲಿನ ಲೇಪ ಉದುರಿ ತಳದಲ್ಲಿ ಕೆಸರಾಗಿ ಸೇರುತ್ತದೆ. ಕೆಸರು ತಟ್ಟೆಗಳ ಕಾಲಿಗೆ ಮುಟ್ಟಿದ ದಿನ ಪಾಸಿಟಿವ್ ನೆಗೆಟಿವ್ ಒಳಗೊಳಗೇ ಕೂಡಿಕೊಳ್ಳುತ್ತವೆ. ಮೂರನೆಯ ಸೆಲ್ಲಿನ ದ್ರವ ನಳಿಗೆಯಲ್ಲಿ ಕಂದುಬಣ್ಣಕ್ಕೆ ಕದಡಿತ್ತು, ಉಳಿದವು ತಿಳಿಯಾಗಿದ್ದವು.

ಜಗಲಿಯ ಸಿಮೆಂಟಿನ ಮೇಲೆ ಇಡಲು ಚಿಕ್ಕಪ್ಪ ಬಿಡಲಿಲ್ಲ. "ಸಿಮೆಂಟು ಚಾರ್ಜ್ ಎಳೆದುಕೊಳ್ಳುತ್ತದೆ" ಎಂದು ಹಲಗೆ ಹಾಕಿಸಿದರು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ಆ ಮಾತು ಹೊಂದುವುದಿಲ್ಲ, ಆದರೆ ಹಲಗೆಯಿಂದ ನಷ್ಟವೂ ಇಲ್ಲ. ರಾತ್ರಿಯಿಡೀ ಚಾರ್ಜ್ ಮಾಡಿದೆವು. ಐದು ಸೆಲ್ಲುಗಳಲ್ಲಿ ಗುಳ್ಳೆಗಳು ಸೋಡಾ ಬಾಟಲಿಯಂತೆ ಏಳುತ್ತಿದ್ದರೆ ಮೂರನೆಯದು ಬಾವಿಯ ನೀರಿನಂತೆ ನಿಶ್ಚಲ. ಬೆಳಿಗ್ಗೆ ಐದೂ 1.265, ಮೂರನೆಯದು 1.190. ಅದಕ್ಕಿಂತ ಮೇಲೆ ಏರಲೇ ಇಲ್ಲ.

ನಾನು ಊರಿಗೆ ಮರಳಬೇಕಿತ್ತು. ಮುಂದಿನ ಮೂರು ದಿನ ಅಳತೆ ತೆಗೆದದ್ದು ಚಿಕ್ಕಪ್ಪ. ಅಡಿಕೆಯ ಬಣ್ಣ ನೋಡಿ ದರ್ಜೆ ಹೇಳುವ ಕಣ್ಣಿಗೆ ಹೈಡ್ರೋಮೀಟರಿನ ಗೆರೆ ಕಷ್ಟವಾಗಲಿಲ್ಲ. ಮೂರನೆಯ ಸಂಜೆ ಫೋನಿನಲ್ಲಿ ಓದಿ ಹೇಳಿದರು: ಐದು ಸೆಲ್ಲುಗಳು ಕದಲಿಲ್ಲ, ಮೂರನೆಯದು 1.120. ಯಾವ ತಂತಿಯೂ ಇಲ್ಲದೆ, ಹಲಗೆಯ ಮೇಲೆ ಸುಮ್ಮನೆ ಕುಳಿತಲ್ಲೇ ಬರಿದಾಗಿತ್ತು. ಡೈನಮೋ, ತಂತಿ, ಸೋರಿಕೆ, ಬಿಳಿ ಪುಡಿ ಎಲ್ಲ ನಿರ್ದೋಷಿ. "ಇನ್ನು ಬದಲಿಸುವುದೇ" ಎಂದೆ. "ನನ್ನ ಪಂಚೆಗೂ ಹಾಗೇ ಹೇಳು" ಎಂದರು. ಅಳೆಯುವಾಗ ಬಿದ್ದ ಒಂದೆರಡು ಹನಿ ಆಗ ಕಂಡಿರಲಿಲ್ಲ. ಒಗೆದು ಹರವಿದ ಮೇಲೆ ಜರಡಿಯಾಗಿತ್ತು.

ನನ್ನ ಮೊದಲ ತಪ್ಪು ಏನೆಂದು ಈಗ ಸ್ಪಷ್ಟ. ಚಾರ್ಜರ್ ತೆಗೆದ ಅರ್ಧ ಗಂಟೆಯಲ್ಲಿ ಅಳೆದ 12.84 ತಟ್ಟೆಗಳ ಮೇಲ್ಮೈಯಲ್ಲಿ ಮಾತ್ರ ಇದ್ದ ಚಾರ್ಜು. ಒಂದು ರಾತ್ರಿ ಕಾಯಬೇಕಿತ್ತು, ಇಲ್ಲವೇ ಎರಡು ನಿಮಿಷ ಹೆಡ್‌ಲೈಟ್ ಉರಿಸಿ ಆಮೇಲೆ ಅಳೆಯಬೇಕಿತ್ತು. ಅದಕ್ಕಿಂತ ದೊಡ್ಡ ತಪ್ಪು, ಹೊರೆ ಹೊರಿಸಿ ನೋಡದೆ ಇದ್ದದ್ದು. ಕಿಡಿ ಹಾರಿಸಿದ ಅಂಗಡಿಯವನ ಮಾತು ನಿಜವಾಗಿತ್ತು, ದಾರಿ ತಪ್ಪಾಗಿತ್ತು. ನನ್ನ ದಾರಿ ಸರಿಯಿತ್ತು, ಅರ್ಧಕ್ಕೇ ನಿಂತಿದ್ದೆ.

ಮುಚ್ಚಳವಿಲ್ಲದ, ಮೊಹರು ಮಾಡಿದ ಬ್ಯಾಟರಿಗಳಲ್ಲಿ ಹೈಡ್ರೋಮೀಟರ್ ಹಾಕಲಾಗುವುದಿಲ್ಲ. ಅವುಗಳ ನೆತ್ತಿಯಲ್ಲಿ ಹಸಿರು ಕಣ್ಣೊಂದು ಇರುತ್ತದಲ್ಲ, ಅದು ನೋಡುವುದು ಆರರಲ್ಲಿ ಒಂದೇ ಸೆಲ್ಲನ್ನು. ಕಣ್ಣು ಹಸಿರಾಗಿದೆ, ಹಾಗಾಗಿ ಬ್ಯಾಟರಿ ಚೆನ್ನಾಗಿದೆ ಎನ್ನುವುದು ಮನೆಯ ಒಂದು ಕಿಟಕಿಯಲ್ಲಿ ದೀಪ ಕಂಡು ಎಲ್ಲರೂ ಎದ್ದಿದ್ದಾರೆ ಎಂದ ಹಾಗೆ. ಅಂಥದ್ದಕ್ಕೆ ಅಂಗಡಿಯ ಲೋಡ್ ಟೆಸ್ಟರ್ (ಹೊರೆ ಹೊರಿಸಿ ವೋಲ್ಟೇಜ್ ನೋಡುವ ಸಾಧನ) ಇಲ್ಲವೇ ಸ್ಟಾರ್ಟ್ ಮಾಡುವಾಗಿನ ವೋಲ್ಟೇಜ್ ವಿಡಿಯೊವೇ ಗತಿ. ಪೆಟ್ಟಿಗೆ ಉಬ್ಬಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಯಾವ ಅಳತೆಯೂ ಬೇಡ, ಬದಲಿಸಿ. ಜೊತೆಗೆ ಡೈನಮೋ ಹದ್ದು ಮೀರಿ ಚಾರ್ಜ್ ಮಾಡುತ್ತಿದೆಯೇ ನೋಡಿಸಿ.

ಗ್ಯಾರಂಟಿ ಕಾರ್ಡು ಸೊಸೈಟಿಯ ರಸೀದಿಗಳ ನಡುವೆ ಸಿಕ್ಕಿತು. 48 ತಿಂಗಳು: ಮೊದಲ 24ರಲ್ಲಿ ಉಚಿತ ಬದಲಿ, ಉಳಿದದ್ದಕ್ಕೆ ತಿಂಗಳ ಲೆಕ್ಕದಲ್ಲಿ ರಿಯಾಯಿತಿ. ನಮ್ಮದು 44ನೆಯ ತಿಂಗಳು. ಶಿವಮೊಗ್ಗದ ಡೀಲರ್ ರಾತ್ರಿ ಚಾರ್ಜಿಗಿಟ್ಟು ಬೆಳಿಗ್ಗೆ ಲೋಡ್ ಟೆಸ್ಟರ್ ಒತ್ತಿದ. ಹತ್ತು ಸೆಕೆಂಡಿನೊಳಗೆ ಮುಳ್ಳು ಎಂಟರ ಕೆಳಗೆ ಜಾರಿತು. ಎರಡನೆಯ ಮಾತಿಲ್ಲದೆ ಚೀಟಿ ಬರೆದ. ಗ್ಯಾರಂಟಿಯ ರಿಯಾಯಿತಿ ಚಿಲ್ಲರೆಯಷ್ಟೇ. ಹಳೆಯದರ ಸೀಸದ ಬೆಲೆ ಅದಕ್ಕಿಂತ ಹೆಚ್ಚಿತ್ತು. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಡೀಲರಿಗೇ ಮರಳಿಸುವುದು ಸರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ಅದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಹೊಸದನ್ನು ಕೊಳ್ಳುವಾಗಲೂ ಮೀಟರ್ ಹೊರಗೆ ತೆಗೆದೆ. ಡೀಲರ್ ಮೊದಲು ತಂದದ್ದು 12.31, ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಸರಕು. ಮುಖ ಸಿಂಡರಿಸಿಕೊಂಡೇ ಇನ್ನೊಂದು ತಂದ, 12.64. ಬ್ಯಾಟರಿಯ ಮಾದರಿ ಹೇಳುವ ಕೋಡಿನ ಕೊನೆಯ ಅಕ್ಷರವನ್ನೂ ನೋಡಿಕೊಂಡೆ: 38ಬಿ20ಎಲ್ ಬೇಕಾದ ಕಡೆ 38ಬಿ20ಆರ್ ತಂದರೆ ಟರ್ಮಿನಲ್‌ಗಳು ಅದಲುಬದಲಾಗಿ ಕೇಬಲ್ ಎಟುಕುವುದಿಲ್ಲ. ಎಟುಕುವಂತೆ ಎಳೆದು ಹಾಕಿದರೆ ಅನಾಹುತ. ಪಟ್ಟಿಗೆ ಹೊಸ ಬೋಲ್ಟ್ ಹಾಕಿ ಬಿಗಿದೆ. ನಿಂತಾಗ 12.66, ಸೆಲ್ಫ್ ಹೊಡೆಯುವಾಗ 10.7, ಓಡುವಾಗ 14.2.

ಈ ಮೂರು ಅಂಕಿಗಳನ್ನು ಚಿಕ್ಕಪ್ಪ ಹೊಸ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾರೆ. ಈಗ ಪ್ರತಿ ಅಮಾವಾಸ್ಯೆಗೊಮ್ಮೆ ಅಳೆಯುತ್ತಾರೆ. ನಡುವಿನ ಅಂಕಿ ಹತ್ತಕ್ಕಿಂತ ಕೆಳಗೆ ಬಂದ ತಿಂಗಳು ನನಗೆ ಫೋನ್ ಮಾಡಬೇಕೆಂದು ಒಪ್ಪಂದ. ಚಿಕ್ಕಮ್ಮ ದನಿ ಬದಲಾಗಿದೆ ಎಂದರೆ ಅಮಾವಾಸ್ಯೆಗೂ ಕಾಯುವಂತಿಲ್ಲ.